ಆ ಕಪ್ಪೆಯನ್ನು ಕೆರೆಗೆ ಬಿಡಬೇಡಿ

ಓದುಗರೊಬ್ಬರ ಪತ್ರ: ಮಗಳ ಹಟಕ್ಕೆ ಆಫ್ರಿಕಾದ ಉಗುರುಗಪ್ಪೆ ತಂದು ಗಾಜಿನ ತೊಟ್ಟಿಯಲ್ಲಿ ಇಟ್ಟಿದ್ದೇವೆ. ಅದು ನಾಲಿಗೆ ಚಾಚುವುದೇ ಇಲ್ಲ, ಕೈಯಲ್ಲಿ ತಿನ್ನುತ್ತದೆ. ಮೊನ್ನೆ ತನ್ನ ಚರ್ಮವನ್ನೇ ತಿಂದಿತು! ಕಾಯಿಲೆಯೇ? ಕೂರಲು ಕಲ್ಲು ಬೇಕೇ? ದೊಡ್ಡದಾದ ಮೇಲೆ ಕೆರೆಗೆ ಬಿಡಬಹುದೇ?

ಸಂಪಾದಕರ ಉತ್ತರ: ಗಾಬರಿಯಾಗಬೇಡಿ, ನಿಮ್ಮ ಕಪ್ಪೆ ಚೆನ್ನಾಗಿಯೇ ಇದೆ. ಪೊರೆ ಬಿಟ್ಟು ಅದನ್ನೇ ತಿನ್ನುವುದು ಎಷ್ಟೋ ಕಪ್ಪೆಗಳ ಅಭ್ಯಾಸ. ಕಲ್ಲೂ ಬೇಡ. ಇದು ಹುಟ್ಟಿನಿಂದ ಸಾವಿನವರೆಗೆ ನೀರಲ್ಲೇ ಇರುವ ಜೀವಿ. ಆದರೆ ಉಸಿರಾಡುವುದು ಶ್ವಾಸಕೋಶದಿಂದ. ಆಗಾಗ ಮೇಲೆ ಬಂದು ಗಾಳಿ ತೆಗೆದುಕೊಳ್ಳಲು ಜಾಗ ಇದ್ದರೆ ಸಾಕು.

ನಾಲಿಗೆ ಚಾಚುವುದಿಲ್ಲ ಅಂದಿರಿ. ಚಾಚಲು ಅದಕ್ಕೆ ನಾಲಿಗೆಯೇ ಇಲ್ಲ. ಮುಂಗೈಗಳಿಂದ ಆಹಾರವನ್ನು ಬಾಯಿಗೆ ತಳ್ಳಿಕೊಳ್ಳುತ್ತದೆ. ತುಂಡು ದೊಡ್ಡದಿದ್ದರೆ ಹಿಂಗಾಲಿನಿಂದ ಹರಿಯುತ್ತದೆ. ಒಂದೊಂದು ಹಿಂಗಾಲಿನ ಮೂರು ಬೆರಳುಗಳಲ್ಲಿ ಕಪ್ಪು ಉಗುರುಗಳಿವೆ, ನೋಡಿ. ಹೆಸರು ಬಂದಿದ್ದೇ ಅದರಿಂದ.

ನನಗೆ ತುಂಬ ಇಷ್ಟವಾಗುವುದು ಅದರ ಮೈಮೇಲಿನ ಗೆರೆಗಳು. ಪಕ್ಕದಲ್ಲಿ ಹೊಲಿಗೆ ಹಾಕಿದ ಹಾಗೆ ಸಣ್ಣ ಸಣ್ಣ ಗುರುತುಗಳಿವೆ, ಅಲ್ವಾ? ನೀರಿನ ಅಲುಗಾಟವನ್ನು ತಿಳಿಯುವ ಅಂಗ ಅದು. ಮೀನುಗಳಿಗೂ ಇದೆ. ಬೇರೆ ಕಪ್ಪೆಗಳಿಗೆ ಗೊದಮೊಟ್ಟೆಯಾಗಿದ್ದಾಗ ಇದ್ದು, ಬೆಳೆದ ಮೇಲೆ ಹೋಗಿಬಿಡುತ್ತದೆ. ಇದು ಉಳಿಸಿಕೊಂಡಿದೆ. ಹಾಗಾಗಿ ಕೆಸರು ನೀರಿನಲ್ಲಿ, ಕತ್ತಲಲ್ಲಿ, ಮೇಲೆ ಬಿದ್ದ ಹುಳ ಎಲ್ಲಿ ಒದ್ದಾಡುತ್ತಿದೆ ಅಂತ ಅದಕ್ಕೆ ಗೊತ್ತಾಗುತ್ತದೆ. ರಾತ್ರಿ ತೊಟ್ಟಿಯ ಹತ್ತಿರ ಸುಮ್ನೆ ಕೂತು ಕೇಳಿ. ಗಂಡಾಗಿದ್ದರೆ ಟಿಕ್ ಟಿಕ್ ಅನ್ನುವ ಸದ್ದು ಕೇಳಬಹುದು. ಬಾಯಿ ತೆರೆಯದೆ, ಗಾಳಿ ಊದದೆ, ಗಂಟಲಿನ ಸ್ನಾಯುಗಳಿಂದಲೇ ಅದು ಸದ್ದು ಮಾಡುತ್ತದೆ. ಹೆಣ್ಣೂ ಉತ್ತರ ಕೊಡುತ್ತದೆ. ಕೂಡಲು ಒಪ್ಪಿಗೆ ಇದ್ದರೆ ಒಂದು ರೀತಿ, ಇಲ್ಲದಿದ್ದರೆ ಇನ್ನೊಂದು ರೀತಿ.

ಇನ್ನು ಕೆರೆಯ ವಿಷಯ. ದಯವಿಟ್ಟು ಬಿಡಬೇಡಿ. 1930ರ ದಶಕದಲ್ಲಿ ಗರ್ಭಿಣಿಯ ಮೂತ್ರವನ್ನು ಈ ಹೆಣ್ಣು ಕಪ್ಪೆಗೆ ಚುಚ್ಚಿದರೆ ಅದು ಮೊಟ್ಟೆ ಇಡುತ್ತದೆ ಅಂತ ಗೊತ್ತಾಯಿತು. ಗರ್ಭ ಪರೀಕ್ಷೆಗೆ ಬೇರೆ ಸುಲಭದ ದಾರಿ ಇಲ್ಲದ ಕಾಲ. ಆಫ್ರಿಕಾದಿಂದ ಸಾವಿರಾರು ಕಪ್ಪೆಗಳು ಪ್ರಪಂಚದ ಪ್ರಯೋಗಾಲಯಗಳಿಗೆ ಹೋದವು. ಆಮೇಲೆ ಸಾಕುವವರ ಮನೆಗಳಿಗೂ ಹೋದವು. ತಪ್ಪಿಸಿಕೊಂಡವು, ಜನ ಬಿಟ್ಟವು ಎಲ್ಲ ಸೇರಿ ಕ್ಯಾಲಿಫೋರ್ನಿಯಾ, ಚಿಲಿ, ಫ್ರಾನ್ಸ್, ಸಿಸಿಲಿಯ ನೀರುಗಳಲ್ಲಿ ನೆಲೆ ನಿಂತಿವೆ. ಅಲ್ಲಿನ ಹುಳ, ಮರಿಮೀನು, ಗೊದಮೊಟ್ಟೆ ಯಾವುದನ್ನೂ ಇವು ಬಿಡುವುದಿಲ್ಲ. ಅದಕ್ಕಿಂತ ಜಾಸ್ತಿ ಭಯ ಕೈಟ್ರಿಡ್ ಶಿಲೀಂಧ್ರದ್ದು. ಬೇರೆ ಎಷ್ಟೋ ಜಾತಿಯ ಕಪ್ಪೆಗಳನ್ನು ಕೊಂದ ರೋಗ ಅದು. ಉಗುರುಗಪ್ಪೆ ಮಾತ್ರ ಅದನ್ನು ಹೊತ್ತುಕೊಂಡೂ ಆರಾಮಾಗಿ ಓಡಾಡಬಲ್ಲದು. ನೋಡಲು ಆರೋಗ್ಯವಾಗಿದೆ ಅಂತ ನಂಬಿ ಬಿಡುವ ಹಾಗಿಲ್ಲ. ತೊಟ್ಟಿಯ ಹಳೆ ನೀರನ್ನೂ ಕೆರೆಗೆ, ಹಳ್ಳಕ್ಕೆ ಚೆಲ್ಲಬೇಡಿ.

ಸಾಕಿದರೆ ಇದು 15 ವರ್ಷವೂ ಬದುಕಬಲ್ಲದು. ಮಗಳಿಗೆ ಅದನ್ನು ಈಗಲೇ ಹೇಳಿ. ಮುಂದೆ ನೋಡಿಕೊಳ್ಳಲು ಆಗದಿದ್ದರೆ, ಸಾಕಿ ಗೊತ್ತಿರುವವರಿಗೆ ಕೊಡಿ. ಮತ್ತೆ, ತೊಟ್ಟಿಗೆ ಭಾರದ ಮುಚ್ಚಳ ಹಾಕಿದ್ದೀರಾ? ಇಲ್ಲದಿದ್ದರೆ ಇವತ್ತೇ ಹಾಕಿ, ಇದು ಜಿಗಿಯುತ್ತದೆ.