ಪೇಸ್ಟ್ ಹಚ್ಚಿದ್ದು ಸಾಕು, ರೆಗ್ಯುಲೇಟರ್ ಕಡೆ ನೋಡಿ

ಪ್ರಶ್ನೆ: ನಮ್ಮ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ 1997ರ, ಹಳೇ ಎಟಿ ಮಾದರಿಯ ಕಂಪ್ಯೂಟರ್ ಒಂದಿದೆ. ಹಳೇ ಡಿಟಿಪಿ ಫೈಲುಗಳೆಲ್ಲ ಅದರಲ್ಲೇ ಇವೆ. ಪೆಂಟಿಯಂ 166 ಪ್ರೊಸೆಸರ್ ತೆಗೆಸಿ ಎಎಂಡಿ ಕೆ6-2 400 ಹಾಕಿಸಿದೆ. ವಿಂಡೋಸ್ 98 ಇಪ್ಪತ್ತೇ ನಿಮಿಷಕ್ಕೆ ಹ್ಯಾಂಗ್ ಆಗುತ್ತದೆ, ಕೆಲವು ಸಲ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಥರ್ಮಲ್ ಪೇಸ್ಟ್ ಮೂರು ಸಲ ಬದಲಿಸಿದೆ, ದೊಡ್ಡ ಫ್ಯಾನ್ ಹಾಕಿದೆ. ಹೀಟ್‌ಸಿಂಕ್ ಮುಟ್ಟಿದರೆ ಬೆಚ್ಚಗಷ್ಟೇ ಇದೆ. ಏನು ಮಾಡಲಿ?

ಉತ್ತರ: ಬೆಚ್ಚಗಷ್ಟೇ ಇದೆ ಎಂದು ನೀವೇ ಬರೆದಿದ್ದೀರಿ. ಹಾಗಿದ್ದ ಮೇಲೆ ಮೂರು ಸಲ ಪೇಸ್ಟ್ ಯಾಕೆ? ಇದೇ ಪ್ರಶ್ನೆ ತಿಂಗಳಿಗೊಮ್ಮೆಯಾದರೂ ಬರುತ್ತದೆ. ಪ್ರತಿ ಸಲವೂ ಜನ ಪ್ರೊಸೆಸರ್ ಒಂದನ್ನೇ ನೋಡಿರುತ್ತಾರೆ, ಅದಕ್ಕೆ ಕರೆಂಟು ಕೊಡುವ ಭಾಗದ ಕಡೆ ತಿರುಗಿಯೂ ನೋಡಿರುವುದಿಲ್ಲ.

ಸಾಕೆಟ್ಟಿನ ಪಕ್ಕದಲ್ಲಿ ತಾಮ್ರದ ತಂತಿ ಸುತ್ತಿದ ಉಂಗುರ ಇದೆಯೇ ನೋಡಿ (ಇದ್ದರೆ ಅದು ಬೇರೆ ಬಗೆಯ ರೆಗ್ಯುಲೇಟರ್). ಇಲ್ಲದಿದ್ದರೆ, ಸಣ್ಣ ಅಲ್ಯೂಮಿನಿಯಂ ರೆಕ್ಕೆಗೆ ಸ್ಕ್ರೂ ಹಾಕಿದ ಮೂರು ಕಾಲಿನ ಭಾಗವೇ ನಿಮ್ಮ ಲೀನಿಯರ್ ರೆಗ್ಯುಲೇಟರ್, ಅಂದರೆ ವೋಲ್ಟೇಜು ಇಳಿಸಿ ಪ್ರೊಸೆಸರಿಗೆ ಕೊಡುವ ಭಾಗ. ಕೆ6-2ಗೆ ಬೇಕಾದದ್ದು 2.2 ವೋಲ್ಟ್. ಇಂಥ ಬೋರ್ಡುಗಳಲ್ಲಿ ಅದು 5 ವೋಲ್ಟಿನಿಂದ ಇಳಿದು ಬರುತ್ತದೆ, ಮಿಕ್ಕ 2.8 ವೋಲ್ಟ್ ಪೂರ್ತಿ ಶಾಖವಾಗುತ್ತದೆ. 7 ಆಂಪಿಯರ್ ಹರಿದರೆ ಪ್ರೊಸೆಸರಿನಲ್ಲಿ ಸುಮಾರು 15 ವ್ಯಾಟ್, ರೆಗ್ಯುಲೇಟರಿನಲ್ಲಿ ಹತ್ತಿರಹತ್ತಿರ 20 ವ್ಯಾಟ್. ಪ್ರೊಸೆಸರಿಗೆ ಫ್ಯಾನ್ ಇದೆ, ಪಾಪ, ಇದಕ್ಕೆ ಬೆರಳಗಲದ ರೆಕ್ಕೆ ಮಾತ್ರ. ಬೆರಳಿಟ್ಟು ಪರೀಕ್ಷಿಸಬೇಡಿ, ಬೊಬ್ಬೆ ಏಳುತ್ತದೆ.

ಆ ಬಿಸಿಗೆ, ವೋಲ್ಟೇಜು ಸ್ಥಿರವಾಗಿಡುವ ಪಕ್ಕದ ಕೆಪಾಸಿಟರುಗಳು (ಅಂಗಡಿಯವರ ಬಾಯಲ್ಲಿ ಕಂಡೆನ್ಸರ್) ಒಣಗುತ್ತವೆ. ತಲೆ ಉಬ್ಬಿಲ್ಲ, ಹಾಗಾಗಿ ಚೆನ್ನಾಗಿವೆ ಎಂಬ ಮಾತನ್ನು ನಂಬಬೇಡಿ. ಈ ವಯಸ್ಸಿನವು ಹೊರಗೆ ಗುರುತೇ ಕೊಡದೆ ಒಳಗೇ ಒಣಗಿರುತ್ತವೆ. ಆಮೇಲೆ ವೋಲ್ಟೇಜು ತುಯ್ದಾಡುತ್ತದೆ, ಯಂತ್ರ ನಿಲ್ಲುತ್ತದೆ.

ಮೊದಲ ಕೆಲಸ ರಿಪೇರಿಯಲ್ಲ. ಹಾರ್ಡ್ ಡಿಸ್ಕ್ ಬಿಚ್ಚಿ, ಐಡಿಇ-ಯುಎಸ್‌ಬಿ ಅಡಾಪ್ಟರಿನಿಂದ ಬೇರೆ ಕಂಪ್ಯೂಟರಿಗೆ ಪೂರ್ತಿ ನಕಲು ಮಾಡಿಕೊಳ್ಳಿ. ಫಾಂಟುಗಳ ಫೋಲ್ಡರ್ ಬಿಡಲೇಬೇಡಿ. ಯುನಿಕೋಡಿಗಿಂತ ಹಿಂದಿನ ಕನ್ನಡ ಫೈಲು ತನ್ನ ಫಾಂಟಿಲ್ಲದೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಮಾತ್ರ. ಫೈಲು ಉಳಿಸಿಕೊಂಡು ಫಾಂಟು ಕಳೆದುಕೊಂಡು ಬಂದವರನ್ನು ನೋಡಿ ಹೊಟ್ಟೆ ಉರಿದಿದೆ.

ಎರಡನೆಯದು, ಜಂಪರ್ (ಬೋರ್ಡಿನ ಪಿನ್ನುಗಳಿಗೆ ಹಾಕುವ ಸಣ್ಣ ಕ್ಯಾಪ್). ಬೋರ್ಡಿನ ವೇಗವನ್ನು ಎಷ್ಟರಿಂದ ಗುಣಿಸಬೇಕೆಂದು ಹೇಳುವ ಗುಣಕ 2 ಇದ್ದರೆ ಈ ಚಿಪ್ ಅದನ್ನು 6 ಎಂದು ಓದಿಕೊಳ್ಳುತ್ತದೆ. 66 ಮೆಗಾಹರ್ಟ್ಸ್ ಬೋರ್ಡಿನಲ್ಲಿ ನಿಮಗೆ 400 ಸಿಕ್ಕಿದ್ದು ಹಾಗೆ. ಗುಣಕವನ್ನು 3.5ಕ್ಕೆ ಇಡಿ (ಹಳೇ ಬೋರ್ಡಿನಲ್ಲಿ 1.5 ಎಂದು ಬರೆದಿರಬಹುದು, ಚಿಪ್ 3.5 ಎಂದೇ ಓದುತ್ತದೆ). ವೇಗ 233ಕ್ಕೆ ಇಳಿಯುತ್ತದೆ, ರೆಗ್ಯುಲೇಟರಿನ ಶಾಖ ಹೆಚ್ಚುಕಡಿಮೆ 11 ವ್ಯಾಟಿಗೆ ಬರುತ್ತದೆ. ಪುಟ ಕಟ್ಟುವುದಕ್ಕೆ 233 ಧಾರಾಳ. ಹೀಗೆ ಮಾಡಿ ಹ್ಯಾಂಗ್ ನಿಂತರೆ ಕಾರಣ ಬಹುಮಟ್ಟಿಗೆ ಸಿಕ್ಕಂತೆಯೇ.

400 ಬೇಕೇಬೇಕೆಂದರೆ ರೆಗ್ಯುಲೇಟರಿಗೆ ದೊಡ್ಡ ರೆಕ್ಕೆ, ಅದರ ಮೇಲೆ ಗಾಳಿ, 105 ಡಿಗ್ರಿಯ ಲೋ-ಇಎಸ್ಆರ್ (ಒಳಗಿನ ರೋಧ ಕಡಿಮೆ ಇರುವ) ಕೆಪಾಸಿಟರುಗಳು ಬೇಕು. ನಾನಂತೂ ಆ ಬೋರ್ಡಿಗೆ ಅಷ್ಟು ಹೊರೆ ಹೊರಿಸುವುದಿಲ್ಲ. ಒಂದು ಎಚ್ಚರಿಕೆ: ಎಟಿ ಕ್ಯಾಬಿನೆಟ್ಟಿನ ಮುಂದಿನ ಸ್ವಿಚ್ಚಿಗೆ ನೇರ 230 ವೋಲ್ಟ್ ಬರುತ್ತದೆ. ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಿ.

ಪ್ರಶ್ನೆ: ನನ್ನ ಬೋರ್ಡಿನಲ್ಲಿ ಕೆ6-2ಗೆ 2.2 ವೋಲ್ಟಿನ ಜಂಪರ್ ಇಲ್ಲ. ಪೆಂಟಿಯಂ ಎಂಎಂಎಕ್ಸ್ ಪ್ರೊಸೆಸರಿನ 2.8ರಲ್ಲಿ ಓಡಿಸಬಹುದು ಎಂದು ಮಾರಿದವರು ಹೇಳಿದರು.

ಉತ್ತರ: ಬೇಡ. ಶಾಖ ವೋಲ್ಟೇಜಿನ ವರ್ಗದಂತೆ ಏರುತ್ತದೆ, ಅಂದರೆ ಶೇ. 60ಕ್ಕೂ ಹೆಚ್ಚು. ಚಿಪ್ಪಿನ ತಲೆಯ ಮೇಲೆ 2.2 ಎಂದು ಅಚ್ಚು ಹಾಕಿರುವುದನ್ನು ಮಾರುವವರೂ ಓದಬೇಕು.

ಪ್ರಶ್ನೆ: ಹಳೇ ಮದರ್‌ಬೋರ್ಡನ್ನು ಓವನ್ನಿನಲ್ಲಿ ಬೇಯಿಸಿದರೆ ಸರಿಹೋಗುತ್ತದೆಯಂತೆ?

ಉತ್ತರ: ಕೆಪಾಸಿಟರ್ ಸಿಡಿಯುತ್ತದೆ, ಸಾಕೆಟ್ ಕರಗುತ್ತದೆ. ಹೀಗೆ ಹೇಳಿಕೊಡುವವರ ಹತ್ತಿರ ಯಂತ್ರ ಬಿಡಬೇಡಿ.

ಪ್ರಶ್ನೆ: ಕೆ6-2 400 ಹಾಕಿದ ಮೇಲೆ ವಿಂಡೋಸ್ 95 ಶುರುವಾಗುವಾಗಲೇ ಪ್ರೊಟೆಕ್ಷನ್ ಎರರ್. ಬಿಸಿಯೇ?

ಉತ್ತರ: ಅಲ್ಲ. 350 ಮೆಗಾಹರ್ಟ್ಸ್ ಮತ್ತು ಅದಕ್ಕಿಂತ ವೇಗದ ಕೆ6-2ಗಳಲ್ಲಿ ವಿಂಡೋಸ್ 95ರ ಕಾಲ ಅಳೆಯುವ ಲೂಪ್ ಎಡವುತ್ತದೆ. ಅದಕ್ಕೆಂದೇ ಪ್ಯಾಚ್ ಇದೆ, ಹಾಕಿಕೊಳ್ಳಿ. ಹೀಟ್‌ಸಿಂಕ್ ಮುಟ್ಟಬೇಡಿ.