ಪುರಸಭೆಯ ನಿರ್ಣಯದಿಂದ ವಲಯ ನಿಯಮಕ್ಕೆ ವಿನಾಯಿತಿ ಸಿಗುತ್ತದೆಯೇ?
ವಸತಿ ವಲಯದಲ್ಲಿರುವ ಪಿತ್ರಾರ್ಜಿತ ನಿವೇಶನವನ್ನು ನೀವೂ ನಿಮ್ಮ ತಮ್ಮನೂ ಪಾಲು ಮಾಡಿಕೊಂಡು, ರಸ್ತೆಯ ಕಡೆಯ ಭಾಗದಲ್ಲಿ ಮಳಿಗೆ ಕಟ್ಟಬೇಕೆಂದಿದ್ದೀರಿ. ಪುರಸಭೆಯ ಸಾಮಾನ್ಯ ಸಭೆಯಲ್ಲಿ ವಿನಾಯಿತಿಯ ನಿರ್ಣಯ ಮಾಡಿಸಿದರೆ ಸಾಕೆಂದು ವಾರ್ಡಿನ ಸದಸ್ಯರು ಹೇಳಿರುವುದು ಸರಿಯೇ ಎಂದು ಕೇಳಿದ್ದೀರಿ. ನಿಮ್ಮ ಊರಿನಲ್ಲಿ ಮಹಾಯೋಜನೆ (ಯಾವ ಜಾಗ ಯಾವ ಬಳಕೆಗೆಂದು ವಿಂಗಡಿಸುವ ಮಾಸ್ಟರ್ ಪ್ಲಾನ್) ಜಾರಿಯಲ್ಲಿದ್ದರೆ, ಅದು ಸರಿಯಲ್ಲ.

ಈ ಪ್ರಶ್ನೆ ಉಡುಪಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿ 1974ರಲ್ಲಿಯೇ ತೀರ್ಮಾನವಾಗಿದೆ. ಅಲ್ಲಿ ಕಲ್ಯಾಣ ಮಂಟಪ ಮತ್ತು ಉಪನ್ಯಾಸ ಮಂದಿರಕ್ಕೆಂದು ಪರವಾನಗಿ ಪಡೆದ ಕಟ್ಟಡವನ್ನು ಚಿತ್ರಮಂದಿರವಾಗಿ ಬದಲಾಯಿಸಲು ಪುರಸಭೆ ನಿರ್ಣಯದ ಮೂಲಕ ಅನುಮತಿ ಕೊಟ್ಟಿತ್ತು. ನಗರ ಯೋಜನಾ ಸ್ಕೀಮಿಗೆ ವಿರುದ್ಧವಾದ ಅನುಮತಿ ನೀಡಲು ಪುರಸಭೆಗೆ ಅಧಿಕಾರವಿಲ್ಲವೆಂದೂ, ಆ ವಸತಿ ಪ್ರದೇಶದ ನಿವಾಸಿಗೆ ಅದನ್ನು ಪ್ರಶ್ನಿಸುವ ಹಕ್ಕಿದೆಯೆಂದೂ, ಮಾಲೀಕರು ಹಣ ಖರ್ಚು ಮಾಡಿರಬಹುದೆಂಬ ಕಾರಣಕ್ಕೆ ಕಾನೂನುಬಾಹಿರ ನಿರ್ಣಯವನ್ನು ಉಳಿಸಲಾಗದೆಂದೂ ನ್ಯಾಯಾಲಯ ಹೇಳಿತು. ಕಟ್ಟಿ ಮುಗಿಸಿದರೆ ಯಾರೂ ಏನೂ ಮಾಡಲಾರರು ಎಂದು ಧೈರ್ಯ ಹೇಳುವವರಿಗೆ ಈ ತೀರ್ಪನ್ನು ಒಮ್ಮೆ ತೋರಿಸಿ.

ಅಧಿಕಾರ ಇರುವುದು ಬೇರೆಡೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ 14-ಎ ಕಲಮಿನಂತೆ ಯೋಜನಾ ಪ್ರಾಧಿಕಾರವು ರಾಜ್ಯ ಸರ್ಕಾರದ ಪೂರ್ವಾನುಮೋದನೆ ಪಡೆದು ಭೂಬಳಕೆಯ ಬದಲಾವಣೆಗೆ ಅವಕಾಶ ಕೊಡಬಹುದು. ಆದರೆ ಬದಲಾವಣೆ ಸಾರ್ವಜನಿಕ ಹಿತಕ್ಕೆ ಅನುಗುಣವಾಗಿರಬೇಕು ಮತ್ತು ಆಕ್ಷೇಪಣೆಗಳನ್ನು ಆಹ್ವಾನಿಸಿ ದಿನಪತ್ರಿಕೆಯಲ್ಲಿ ಪ್ರಕಟಣೆ ನೀಡಬೇಕು. ಅರ್ಜಿದಾರನ ಕಷ್ಟವನ್ನು ಕಾನೂನು ಇಲ್ಲಿ ಪ್ರತ್ಯೇಕ ಆಧಾರವಾಗಿ ಹೇಳಿಲ್ಲ. ಅಮೆರಿಕದ ಊರುಗಳಲ್ಲಿ ನಿವೇಶನದ ವಿಶೇಷ ತೊಂದರೆಯನ್ನು ಸಾಬೀತುಪಡಿಸಿ ಮೇಲ್ಮನವಿ ಮಂಡಳಿಯಿಂದ ವಿನಾಯಿತಿ ಪಡೆಯುವ ಪದ್ಧತಿಯಿದೆ. ಅದನ್ನು ಅಂತರ್ಜಾಲದಲ್ಲಿ ಓದಿ ಇಲ್ಲಿಯೂ ಹಾಗೆಯೇ ಅರ್ಜಿ ಬರೆಯುವವರಿದ್ದಾರೆ, ಅದರಿಂದ ಪ್ರಯೋಜನವಿಲ್ಲ.

ಹಾಗೆಂದು ನಿಮಗೆ ವಿನಾಯಿತಿಯೇ ಬೇಕಾಗದಿರಬಹುದು. ವಲಯ ನಿಯಮಾವಳಿಗಳಲ್ಲಿ ವಸತಿ ವಲಯದಲ್ಲಿಯೂ, ರಸ್ತೆಯ ಅಗಲ ಮತ್ತು ವಿಸ್ತೀರ್ಣದ ಮಿತಿಗೊಳಪಟ್ಟು, ಸಣ್ಣ ಅಂಗಡಿಗಳಿಗೆ ಅವಕಾಶವಿರುವುದು ಸಾಮಾನ್ಯ. ನಿಮ್ಮ ಊರಿನ ನಿಯಮಾವಳಿಯನ್ನು ಪ್ರಾಧಿಕಾರದ ಕಚೇರಿಯಲ್ಲಿ ಮೊದಲು ಓದಿ, ಬಳಿಕ ಅರ್ಜಿಯ ಮಾತು.

‘ಅಕ್ರಮ ಸಕ್ರಮ’ವನ್ನು ನೆಚ್ಚಿ ಕಟ್ಟಬೇಡಿ. ವಸತಿ ಕಟ್ಟಡದಲ್ಲಿ ಶೇ. 50, ಇತರೆಡೆ ಶೇ. 25ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಆ ಯೋಜನೆ 2013ರ ಅಕ್ಟೋಬರ್ 19ಕ್ಕಿಂತ ಮೊದಲಿನ ಕಟ್ಟಡಗಳಿಗೆಂದು ರೂಪುಗೊಂಡದ್ದು. ಹೈಕೋರ್ಟ್ ಅದನ್ನು ಎತ್ತಿಹಿಡಿದರೂ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ಇಂದು ಕಟ್ಟುವ ಮಳಿಗೆ ಅದರ ವ್ಯಾಪ್ತಿಗೇ ಬರುವುದಿಲ್ಲ.

ಇನ್ನು ಪಾಲಿನ ವಿಷಯ. ನೋಂದಾಯಿತ ವಿಭಾಗ ಪತ್ರವು ನಿಮ್ಮಿಬ್ಬರ ಹಕ್ಕನ್ನು ಬೇರ್ಪಡಿಸುತ್ತದೆಯೇ ಹೊರತು, ನಿವೇಶನದ ಉಪವಿಭಜನೆಗೆ ಅದೇ 1961ರ ಅಧಿನಿಯಮದ 17ನೇ ಕಲಮಿನಡಿ ಬೇಕಾದ ಮಂಜೂರಾತಿಯ ಸ್ಥಾನವನ್ನು ಅದು ತುಂಬುವುದಿಲ್ಲ. ಮುಂಭಾಗ ಒಬ್ಬರಿಗೆ, ಹಿಂಭಾಗ ಇನ್ನೊಬ್ಬರಿಗೆ ಎಂದು ಹಂಚಿಕೊಂಡರೆ ಹಿಂದಿನ ತುಂಡಿಗೆ ಪ್ರತ್ಯೇಕ ದಾರಿ ತೋರಿಸಬೇಕಾಗುತ್ತದೆ, ದಾರಿಗೆ ಬಿಟ್ಟ ಜಾಗ ಕಳೆದು ಉಳಿದದ್ದರಲ್ಲಿ ಮುಂದಿನವರು ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ) ಬಿಡಬೇಕಾಗುತ್ತದೆ. ಮುಂಗಡೆಯ ಅಗಲ ಸಾಕಷ್ಟಿದ್ದರೆ ಇಬ್ಬರಿಗೂ ರಸ್ತೆ ಸಿಗುವಂತೆ ಉದ್ದಕ್ಕೆ ಸೀಳಿದ ನಕ್ಷೆಯನ್ನೇ ಮೊದಲು ಎಂಜಿನಿಯರರಿಂದ ಬರೆಸಿ, ಪ್ರಾಧಿಕಾರಕ್ಕೆ ತೋರಿಸಿದ ಮೇಲೆ ವಿಭಾಗ ಪತ್ರ ನೋಂದಾಯಿಸಿ.