ಓ.ಟಿ. ಕಲಿಯುವವರ ಪ್ರಶ್ನೆಗಳು

ಆಪರೇಷನ್ ಥಿಯೇಟರ್ ತರಬೇತಿಗೆ ಸೇರಬೇಕೆಂದಿರುವವರೂ ಈಗಾಗಲೇ ಸೇರಿದವರೂ ಬರೆದ ಪತ್ರಗಳಲ್ಲಿ ಕೆಲವನ್ನು ಈ ಸಲ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಓ.ಟಿ. ತರಬೇತಿಗೆ ಸೇರಬೇಕೆಂದಿದ್ದೇನೆ. ಡಾಕ್ಟರ ಕೈಗೆ ಕತ್ತರಿ ಕೊಡುವುದಷ್ಟೇ ಕೆಲಸ ಎಂದು ಮನೆಯಲ್ಲಿ ಹೇಳುತ್ತಾರೆ. ನಿಜವಾಗಿ ಏನು ಕಲಿಸುತ್ತಾರೆ?

ಕತ್ತರಿ ಕೊಡುವುದೂ ಇದೆ, ಆದರೆ ಅದು ಮೂರರಲ್ಲಿ ಒಂದು ಪಾಲು. ಮೊದಲ ಪಾಲು ಅರಿವಳಿಕೆಯದು: ಯಂತ್ರದ ತಪಾಸಣೆ, ಉಸಿರಿನ ನಳಿಕೆ ಹಾಕುವಾಗ ನೆರವು, ಔಷಧಗಳ ಸಿದ್ಧತೆ, ರೋಗಿಯನ್ನು ಮೇಜಿನ ಮೇಲೆ ಸರಿಯಾಗಿ ಮಲಗಿಸುವುದು. ಎರಡನೆಯದು ಶಸ್ತ್ರಚಿಕಿತ್ಸೆಯದು. ಸ್ಕ್ರಬ್ ಆಗಿ, ಅಂದರೆ ಕೈ ತೊಳೆದು ಗೌನ್, ಗ್ಲೌಸ್ ತೊಟ್ಟು, ಉಪಕರಣಗಳ ಟ್ರಾಲಿಯ ಪಕ್ಕ ನಿಲ್ಲುವವರೊಬ್ಬರು, ಸ್ಕ್ರಬ್ ಆಗದೆ ಹೊರಗಿನಿಂದ ಸಾಮಾನು ಒದಗಿಸುವವರೊಬ್ಬರು. ಎರಡೂ ಪಾತ್ರಗಳನ್ನು ಕಲಿಯಬೇಕು. ಮೂರನೆಯದು ರಿಕವರಿ: ರೋಗಿ ತನ್ನ ಉಸಿರಿನ ದಾರಿಯನ್ನು ತಾನೇ ಕಾಯ್ದುಕೊಳ್ಳುವಷ್ಟು ಎಚ್ಚರಾಗುವ ತನಕ ಪಕ್ಕ ಬಿಟ್ಟು ಕದಲದೆ ನೋಡಿಕೊಳ್ಳುವುದು. ಇವುಗಳ ಜೊತೆಗೆ ಅಂಗರಚನೆ, ಶರೀರಕ್ರಿಯೆ, ಔಷಧಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರದ ಪಾಠಗಳಿರುತ್ತವೆ.

ಉಪಕರಣಗಳ ಹೆಸರು ನೋಡಿ ಹೆದರುವವರೇ ಹೆಚ್ಚು. ಕೆಲವು ತಿಂಗಳಲ್ಲಿ ಅದು ತಾನಾಗಿ ಬಾಯಿಗೆ ಬರುತ್ತದೆ. ಹೆಸರಿಗಿಂತ ಮೊದಲು ತುದಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಆ್ಯಲಿಸ್ ಎಂಬ ಇಕ್ಕಳಕ್ಕೆ ಹಲ್ಲುಗಳಿವೆ, ಗಟ್ಟಿ ಅಂಗಾಂಶವನ್ನು ಕಚ್ಚಿ ಹಿಡಿಯುತ್ತದೆ. ಬ್ಯಾಬ್‌ಕಾಕ್ ಎಂಬ ಇಕ್ಕಳಕ್ಕೆ ಹಲ್ಲಿಲ್ಲ, ಕರುಳನ್ನು ನೋಯಿಸದೆ ಹಿಡಿಯುತ್ತದೆ. ದೂರದಿಂದ ಎರಡೂ ಅಣ್ಣತಮ್ಮಂದಿರಂತೆ ಕಂಡರೂ ಕರುಳಿನ ಮೇಲೆ ಒಂದರ ಬದಲು ಇನ್ನೊಂದು ಹೋದರೆ ತೂತು ಬೀಳಬಹುದು.

ಪ್ರಶ್ನೆ: ಐದು ನಿಮಿಷ ಉಜ್ಜಿ ಕೈ ತೊಳೆದರೂ ಮೂರು ಸಲ ‘ಮತ್ತೆ ತೊಳೆದು ಬಾ’ ಎಂದು ಕಳಿಸಿದರು. ಎಲ್ಲಿ ತಪ್ಪುತ್ತಿದೆ?

ತಪ್ಪಿದ್ದು ತೊಳೆಯುವಾಗ ಅಲ್ಲ, ತೊಳೆದ ಮೇಲೆ ಇರಬೇಕು. ಹೆಚ್ಚಿನವರ ಕಥೆ ಹಾಗೆಯೇ.

ಉಂಗುರ, ವಾಚು ತೆಗೆದಿರಬೇಕು. ಉಗುರು ಚಿಕ್ಕದಾಗಿರಬೇಕು, ಬಣ್ಣವಿರಬಾರದು. ಟೋಪಿ, ಮಾಸ್ಕ್ ಮೊದಲೇ ಸರಿಯಾಗಿ ಕಟ್ಟಿಕೊಳ್ಳಿ, ಆಮೇಲೆ ಅವುಗಳನ್ನು ಮುಟ್ಟುವ ಹಾಗಿಲ್ಲ. ಬ್ರಷ್ ಉಗುರಿಗೆ ಮಾತ್ರ. ಚರ್ಮಕ್ಕೆ ಉಜ್ಜಿದರೆ ಗೀರು ಬಿದ್ದು, ಒಳಪದರದ ಕ್ರಿಮಿಗಳು ಮೇಲಕ್ಕೆ ಬರುತ್ತವೆ. ತೊಳೆಯುವ ಉದ್ದಕ್ಕೂ ಬೆರಳ ತುದಿ ಮೇಲೆ, ಮೊಣಕೈ ಕೆಳಗೆ. ನೀರು ಬೆರಳಿನಿಂದ ಮೊಣಕೈ ಕಡೆಗೆ ಇಳಿದು ಅಲ್ಲಿಂದ ತೊಟ್ಟಿಕ್ಕಬೇಕು. ಒಮ್ಮೆ ಕೈ ಕೆಳಗಾದರೆ ಮೊಣಕೈಯ ಕೊಳೆನೀರು ಬೆರಳಿಗೆ ಬಂತು, ಐದು ನಿಮಿಷದ ಶ್ರಮ ಹೋಯಿತು.

ಎಡವಟ್ಟಾಗುವ ಜಾಗಗಳು ಇನ್ನು ಮುಂದಿವೆ. ಒಂದು ಕೈಗೆ ಒಂದು ಸ್ಟೆರೈಲ್ (ಕ್ರಿಮಿರಹಿತ) ಟವೆಲ್. ಬೆರಳಿನಿಂದ ಶುರುಮಾಡಿ ಮೊಣಕೈಗೆ ಮುಗಿಸಿ. ಮೊಣಕೈ ಒರೆಸಿದ ಟವೆಲನ್ನು ಮತ್ತೆ ಬೆರಳಿಗೆ ತರಬೇಡಿ. ಕೈ ಒದ್ದೆ ಉಳಿದರೆ ಗೌನಿನ ತೋಳು ಅರ್ಧಕ್ಕೇ ಅಂಟಿ ನಿಲ್ಲುತ್ತದೆ. ಎಳೆದುಕೊಳ್ಳುವ ಗಡಿಬಿಡಿಯಲ್ಲಿ ಬೆರಳು ಗೌನಿನ ಹೊರಮೈಗೆ ತಾಗುತ್ತದೆ. ಗೌನನ್ನು ಒಳಮೈ ಹಿಡಿದು ಎತ್ತಿ, ಟ್ರಾಲಿಯಿಂದ ಹಿಂದೆ ಸರಿದು, ತಾನಾಗಿ ಬಿಚ್ಚಿಕೊಳ್ಳಲು ಬಿಡಿ. ಬೆರಳುಗಳನ್ನು ಕಫ್‌ನಿಂದ ಹೊರಗೆ ಹಾಕದೆಯೇ, ಬಟ್ಟೆಯ ಒಳಗಿನಿಂದಲೇ ಗ್ಲೌಸ್ ಹಾಕಿಕೊಳ್ಳುವುದನ್ನು ಇಪ್ಪತ್ತು ಮೂವತ್ತು ಸಲ ಅಭ್ಯಾಸ ಮಾಡದೆ ಥಿಯೇಟರಿನಲ್ಲಿ ಪ್ರಯತ್ನಿಸಬೇಡಿ.

ಗೌನ್ ಹಾಕಿದ ಮಾತ್ರಕ್ಕೆ ನೀವು ಪೂರ್ತಿ ಸ್ಟೆರೈಲ್ ಆಗಲಿಲ್ಲ. ಮುಂಭಾಗದಲ್ಲಿ ಎದೆಯಿಂದ ಮೇಜಿನ ಮಟ್ಟದವರೆಗೆ, ತೋಳಿನಲ್ಲಿ ಬೆರಳಿನಿಂದ ಮೊಣಕೈಗಿಂತ 5 ಸೆಂ.ಮೀ. ಮೇಲಿನವರೆಗೆ, ಅಷ್ಟೇ. ಬೆನ್ನು, ಕಂಕುಳು, ಸೊಂಟದ ಕೆಳಗು ಲೆಕ್ಕಕ್ಕಿಲ್ಲ. ಕೈಕಟ್ಟಿ ನಿಂತರೆ ಕೈ ಕಂಕುಳಿಗೆ ಹೋಯಿತು. ಸ್ಕ್ರಬ್ ಆದ ಇನ್ನೊಬ್ಬರನ್ನು ದಾಟುವಾಗ ಬೆನ್ನಿಗೆ ಬೆನ್ನು ಅಥವಾ ಎದೆಗೆ ಎದೆ ಮಾಡಿ ದಾಟಿ. ತಾಗಿತೋ ಇಲ್ಲವೋ ಎಂಬ ಅನುಮಾನ ಬಂದರೆ ತಾಗಿತು ಎಂದೇ ಲೆಕ್ಕ. ಕ್ರಿಮಿ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಈ ವಿಷಯದಲ್ಲಿ ವಾದಕ್ಕೆ ಜಾಗವಿಲ್ಲ.

ಪ್ರಶ್ನೆ: ಆಟೊಕ್ಲೇವ್ (ಹಬೆಯಿಂದ ಕ್ರಿಮಿ ಕೊಲ್ಲುವ ಯಂತ್ರ) ಟೇಪಿನ ಗೆರೆ ಕಪ್ಪಾಗಿತ್ತು. ಆದರೂ ಸೀನಿಯರ್ ಆ ಪ್ಯಾಕ್ ಬಳಸಬೇಡ ಎಂದರು. ಯಾಕೆ?

ಪ್ಯಾಕ್ ಒದ್ದೆಯಾಗಿತ್ತೇ ನೋಡಿ. ಹೊರಗಿನ ಟೇಪು ಹೇಳುವುದು ಈ ಪ್ಯಾಕ್ ಬಿಸಿ ಹಬೆಯನ್ನು ಕಂಡಿದೆ ಎಂಬ ಒಂದೇ ಮಾತು. ಹಬೆ ಒಳತನಕ ಹೋಯಿತೇ, ಬೇಕಾದಷ್ಟು ಹೊತ್ತು ನಿಂತಿತೇ ಎಂಬುದು ಅದಕ್ಕೆ ಗೊತ್ತಿಲ್ಲ. ಒಳಗಿಟ್ಟ ಸೂಚಕ ಪಟ್ಟಿಯನ್ನೂ ನೋಡಬೇಕು. ಇನ್ನು ಒದ್ದೆ ಪ್ಯಾಕ್, ಹರಿದ ಸುತ್ತುಬಟ್ಟೆ, ನೆಲಕ್ಕೆ ಬಿದ್ದದ್ದು ಇವೆಲ್ಲ ಟೇಪಿನ ಬಣ್ಣ ಏನೇ ಇರಲಿ ವಾಪಸ್. ತೇವವು ಹೊರಗಿನ ಕ್ರಿಮಿಯನ್ನು ಬತ್ತಿ ಎಣ್ಣೆ ಹೀರಿದ ಹಾಗೆ ಒಳಗೆ ಎಳೆದುಕೊಳ್ಳುತ್ತದೆ. ನಿರ್ವಾತ ಪಂಪಿರುವ ಆಟೊಕ್ಲೇವಿನಲ್ಲಿ ದಿನದ ಮೊದಲ ಲೋಡಿಗಿಂತ ಮುಂಚೆ 134 ಡಿಗ್ರಿಯಲ್ಲಿ ಬೋವಿ-ಡಿಕ್ ಪರೀಕ್ಷೆ ಮಾಡುವುದೂ ಇದಕ್ಕೇ: ಒಳಗೆ ಗಾಳಿ ಉಳಿದ ಕಡೆ ಹಬೆ ಹೋಗುವುದಿಲ್ಲ.

ಪ್ರಶ್ನೆ: ಮಾಪ್ (ಗಾಯದಲ್ಲಿ ರಕ್ತ ಹೀರುವ ಬಟ್ಟೆ), ಸೂಜಿಗಳ ಎಣಿಕೆಯನ್ನು ಎಷ್ಟು ಸಲ ಮಾಡಬೇಕು? ಲೆಕ್ಕ ತಪ್ಪಿದರೆ ಏನು ಮಾಡಬೇಕು?

ಶುರುವಿಗೆ ಮೊದಲು ಒಮ್ಮೆ. ಗರ್ಭಕೋಶದಂತಹ ಟೊಳ್ಳು ಅಂಗವನ್ನು ತೆರೆದಿದ್ದರೆ ಅದನ್ನು ಮುಚ್ಚುವ ಮೊದಲು ಒಮ್ಮೆ. ಹೊಟ್ಟೆ ಅಥವಾ ಎದೆ ಮುಚ್ಚುವ ಮೊದಲು ಒಮ್ಮೆ, ಚರ್ಮ ಹೊಲಿಯುವಾಗ ಕೊನೆಯದಾಗಿ ಒಮ್ಮೆ. ನಡುವೆ ಸ್ಕ್ರಬ್ ಆದವರು ಬದಲಾದರೆ ಆಗಲೂ ಸಹ. ಹೊಸದಾಗಿ ಏನೇ ಟ್ರಾಲಿಗೆ ಬಂದರೂ ಆ ಕ್ಷಣವೇ ಎಣಿಸಿ ಬೋರ್ಡಿನ ಮೇಲೆ ಬರೆಯಬೇಕು.

ಎಣಿಸುವವರು ಇಬ್ಬರು. ಇಬ್ಬರ ಕಣ್ಣೂ ವಸ್ತುವಿನ ಮೇಲಿರಬೇಕು, ಬಾಯಿಬಿಟ್ಟು ಎಣಿಸಬೇಕು. ಮಾಪನ್ನು ಕಟ್ಟಿನಲ್ಲೇ ಇಟ್ಟು ಅಂಚು ತಿರುವಿ ಎಣಿಸಿದರೆ ಎರಡು ಅಂಟಿಕೊಂಡದ್ದು ತಿಳಿಯುವುದಿಲ್ಲ. ಒಂದೊಂದನ್ನೂ ಬಿಡಿಸಿ, ಎಕ್ಸ್‌ರೇಯಲ್ಲಿ ಕಾಣುವ ದಾರ ಇದೆಯೇ ನೋಡಿ. ಐದರ ಕಟ್ಟಿನಲ್ಲಿ ನಾಲ್ಕೋ ಆರೋ ಇದ್ದರೆ ಸರಿಪಡಿಸಲು ಹೋಗಬೇಡಿ, ರೋಗಿ ಒಳಬರುವ ಮೊದಲೇ ಇಡೀ ಕಟ್ಟನ್ನು ಥಿಯೇಟರಿನಿಂದ ಹೊರಹಾಕಿ. ಮಾಪನ್ನು ಯಾವ ಕಾರಣಕ್ಕೂ ಕತ್ತರಿಸಬಾರದು. ನಡುವೆ ಯಾರಾದರೂ ಮಾತಾಡಿಸಿದರೆ ಆ ವಸ್ತುವಿನ ಎಣಿಕೆಯನ್ನು ಮತ್ತೆ ಒಂದರಿಂದ ಶುರುಮಾಡಿ. ಇದರಲ್ಲಿ ನಾಚಿಕೆ ಬೇಡ.

ಲೆಕ್ಕ ತಪ್ಪಿದರೆ ಮೊದಲು ಸರ್ಜನ್‌ಗೆ ಜೋರಾಗಿ ಹೇಳಿ: ‘ಒಂದು ಮಾಪ್ ಕಡಿಮೆ ಇದೆ, ಮುಚ್ಚಬೇಡಿ.’ ತಾನೇ ಹುಡುಕಿ ಸಿಗದಿದ್ದರೆ ಆಮೇಲೆ ಹೇಳೋಣ ಎಂದು ಕಲಿಯುವವರು ಸುಮ್ಮನಿರುವುದುಂಟು. ಅಷ್ಟರಲ್ಲಿ ಎರಡು ಪದರ ಹೊಲಿದಾಗಿರುತ್ತದೆ. ಸರ್ಜನ್ ಗಾಯದೊಳಗೆ ಹುಡುಕುವಾಗ ನೀವು ಟ್ರಾಲಿ, ಡ್ರೇಪಿನ (ರೋಗಿಯ ಮೇಲೆ ಹೊದಿಸಿದ ಸ್ಟೆರೈಲ್ ಬಟ್ಟೆಯ) ಮಡಿಕೆಗಳನ್ನೂ, ಹೊರಗಿನವರು ನೆಲ, ಬಕೆಟ್, ಚಪ್ಪಲಿಯಡಿಯನ್ನೂ ನೋಡಬೇಕು. ಕಸದ ಚೀಲವಾಗಲಿ ಬಟ್ಟೆಯ ಚೀಲವಾಗಲಿ ಎಣಿಕೆ ಮುಗಿಯುವ ತನಕ ಕೋಣೆ ಬಿಟ್ಟು ಹೋಗಬಾರದು ಎಂಬ ನಿಯಮದ ಬೆಲೆ ಆಗ ಗೊತ್ತಾಗುತ್ತದೆ. ಆಗಲೂ ಸಿಗದಿದ್ದರೆ ರೋಗಿ ಮೇಜಿನ ಮೇಲಿರುವಾಗಲೇ ಎಕ್ಸ್‌ರೇ. ತೀರಾ ಸಣ್ಣ ಸೂಜಿ ಎಕ್ಸ್‌ರೇಯಲ್ಲೂ ತಪ್ಪಿಸಿಕೊಳ್ಳಬಹುದು. ಹಾಗಾಗಿ ಒಂದು ಸೂಜಿ ವಾಪಸ್ ಬಂದ ಮೇಲೆಯೇ ಇನ್ನೊಂದು ಕೊಡುವ ಪದ್ಧತಿ ಇಟ್ಟುಕೊಳ್ಳಿ. ಮುರಿದು ಬಂದರೆ ಎರಡೂ ತುಂಡು ಬಂದವೇ ನೋಡಿ.

ಬಳಸಿದ ಮಾಪುಗಳನ್ನು ತೂಗಿ, ಒಣ ತೂಕ ಕಳೆದರೆ 1 ಗ್ರಾಂಗೆ ಸುಮಾರು 1 ಮಿ.ಲೀ. ರಕ್ತವೆಂದು ಲೆಕ್ಕ ಸಿಗುತ್ತದೆ. ತೊಳೆಯಲು ಸುರಿದ ಸಲೈನನ್ನು (ಉಪ್ಪುನೀರಿನ ದ್ರಾವಣ) ಸಕ್ಷನ್ ಬಾಟಲಿಯ, ಅಂದರೆ ಹೀರಿ ತೆಗೆದ ದ್ರವ ಸೇರುವ ಬಾಟಲಿಯ, ಲೆಕ್ಕದಿಂದ ಕಳೆಯುವುದನ್ನು ಮರೆಯಬೇಡಿ.

ಪ್ರಶ್ನೆ: ಅರಿವಳಿಕೆ ಯಂತ್ರದ ತಪಾಸಣೆಯನ್ನು ಎಲ್ಲಿಂದ ಶುರುಮಾಡಬೇಕು?

ಯಂತ್ರದಿಂದಲೇ ಅಲ್ಲ. ಯಂತ್ರ ಪೂರ್ತಿ ಕೈಕೊಟ್ಟರೂ ರೋಗಿಗೆ ಉಸಿರು ಕೊಡಬಲ್ಲ ಕೈಚೀಲ, ಅಂದರೆ ಆ್ಯಂಬು ಬ್ಯಾಗು, ಪಕ್ಕದಲ್ಲಿದೆಯೇ, ಕೆಲಸ ಮಾಡುತ್ತದೆಯೇ ಎಂಬುದು ಮೊದಲು. ಜೊತೆಗೆ ಬೇರೆಯೇ ಒಂದು ಆಕ್ಸಿಜನ್ ಸಿಲಿಂಡರ್.

ಆಮೇಲೆ ವಿದ್ಯುತ್ತು, ಬ್ಯಾಟರಿ. ಗೋಡೆಯ ಪೈಪುಗಳನ್ನು ಒಮ್ಮೆ ಎಳೆದು ನೋಡಿ, ಸರಿಯಾಗಿ ಕೂತಿರದಿದ್ದರೆ ಕೈಗೆ ಬರುತ್ತವೆ. ಆಕ್ಸಿಜನ್ ಸಿಲಿಂಡರ್ ತೆರೆದು ಒತ್ತಡ ನೋಡಿ, ಮುಚ್ಚಿ. ತೆರೆದೇ ಬಿಟ್ಟರೆ ಪೈಪಿನ ಒತ್ತಡ ಇಳಿದಾಗ ಯಂತ್ರ ಸದ್ದಿಲ್ಲದೆ ಸಿಲಿಂಡರನ್ನು ಖಾಲಿ ಮಾಡಿರುತ್ತದೆ. ಆಕ್ಸಿಜನ್ ಗೇಜಿನ ಮುಳ್ಳು ಅರ್ಧಕ್ಕಿದ್ದರೆ ಅನಿಲವೂ ಅರ್ಧ. ನೈಟ್ರಸ್ ಆಕ್ಸೈಡ್ ಗೇಜನ್ನು ಹಾಗೆ ಓದಬೇಡಿ: ಒಳಗಿರುವುದು ದ್ರವ, ಅದು ಪೂರ್ತಿ ಆವಿಯಾಗುವವರೆಗೂ ಮುಳ್ಳು ಹೆಚ್ಚುಕಡಿಮೆ ಕದಲುವುದಿಲ್ಲ. ಎಷ್ಟು ಉಳಿದಿದೆ ಎಂದು ತಿಳಿಯಲು ತೂಗಬೇಕು.

ವೇಪರೈಸರ್ (ಅರಿವಳಿಕೆಯ ದ್ರವವನ್ನು ಆವಿಯಾಗಿಸುವ ಡಬ್ಬಿ) ತುಂಬಿದೆಯೇ, ಮುಚ್ಚಳ ಬಿಗಿಯೇ, ಅಡ್ಡಕ್ಕೆ ಕೂತಿಲ್ಲವಷ್ಟೇ ನೋಡಿಯಾದ ಮೇಲೆ ಸರ್ಕ್ಯೂಟ್, ಅಂದರೆ ಯಂತ್ರದಿಂದ ರೋಗಿಗೆ ಉಸಿರು ಸಾಗಿಸುವ ಕೊಳವೆಗಳು. ಒತ್ತಡ ಬಿಡುವ ವಾಲ್ವ್ ಮುಚ್ಚಿ, ರೋಗಿಯ ಕಡೆಯ ತುದಿಗೆ ಹೆಬ್ಬೆರಳು ಒತ್ತಿ, 30 ಸೆಂ.ಮೀ. ನೀರಿನ ಒತ್ತಡ ತುಂಬಿಸಿ. ಇಳಿಯುತ್ತಿದ್ದರೆ ಸೋರಿಕೆ. ಸೋಡಾ ಲೈಮ್ (ಹೊರಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಹೀರುವ ಕಾಳುಗಳು) ಡಬ್ಬಿಯನ್ನು ಮೊದಲು ಅನುಮಾನಿಸಿ: ತುಂಬುವಾಗ ಅಂಚಿನ ರಬ್ಬರಿನ ಮೇಲೆ ಒಂದು ಕಾಳು ಕೂತರೂ ಸಾಕು. ಪರೀಕ್ಷೆ ಮುಗಿದ ಮೇಲೆ ವಾಲ್ವನ್ನು ಮತ್ತೆ ತೆರೆಯಿರಿ. ಅದು ಮುಚ್ಚಿಯೇ ಉಳಿದರೆ ರೋಗಿಯ ಶ್ವಾಸಕೋಶದ ಮೇಲೆ ಒತ್ತಡ ಏರುತ್ತದೆ. ಕೊಳವೆಯ ಎರಡೂ ಬದಿ ಗಾಳಿ ಸರಾಗವಾಗಿ ಆಡುತ್ತದೆಯೇ ಎಂಬುದನ್ನೂ ನೋಡಬೇಕು, ಒಳಗೆ ಸಿಕ್ಕಿಬಿದ್ದ ಪ್ಲಾಸ್ಟಿಕ್ ಮುಚ್ಚಳವನ್ನು ಸೋರಿಕೆ ಪರೀಕ್ಷೆ ತೋರಿಸುವುದಿಲ್ಲ.

ಇನ್ನು ಸಿದ್ಧವಿರಬೇಕಾದ್ದು: ಸಕ್ಷನ್, ಎರಡು ಲ್ಯಾರಿಂಗೋಸ್ಕೋಪ್ (ನಳಿಕೆ ಹಾಕುವಾಗ ಗಂಟಲು ನೋಡುವ ದೀಪದ ಉಪಕರಣ), ಬೇಕಾದ ಅಳತೆಯ ನಳಿಕೆಯ ಜೊತೆ ಅದಕ್ಕಿಂತ ಅರ್ಧ ಮಿ.ಮೀ. ಚಿಕ್ಕದೊಂದು. ನಳಿಕೆಯ ಕಫ್, ಅಂದರೆ ತುದಿಯ ಪುಟ್ಟ ಬಲೂನು, ಊದಿ ನೋಡಿ, ಗಾಳಿ ಪೂರ್ತಿ ತೆಗೆದಿಡಿ. ಸಕ್ಷನ್ ತುದಿ ಯಾವಾಗಲೂ ದಿಂಬಿನ ಪಕ್ಕ, ಕೈಗೆ ಸಿಗುವ ಕಡೆ. ನಳಿಕೆ ಸರಿಯಾದ ಜಾಗದಲ್ಲಿದೆ ಎಂಬುದಕ್ಕೆ ಕ್ಯಾಪ್ನೋಗ್ರಾಫಿನ (ಹೊರಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ತೋರಿಸುವ ಯಂತ್ರದ) ಅಲೆಯನ್ನು ನಂಬಿ, ಎದೆ ಏರಿಳಿದದ್ದನ್ನಲ್ಲ.

ಪ್ರಶ್ನೆ: ಕಾಟರಿ ಪ್ಲೇಟ್ ಹಾಕಿದ ಕಡೆ ರೋಗಿಗೆ ಸುಟ್ಟ ಗಾಯವಾಗುವುದು ಹೇಗೆ?

ಕಾಟರಿ ಎಂದರೆ ವಿದ್ಯುತ್ತಿನಿಂದ ಕೊಯ್ದು ರಕ್ತ ನಿಲ್ಲಿಸುವ ಉಪಕರಣ; ಸರ್ಜನ್ ಕೈಯಲ್ಲಿರುವ ಅದರ ಪೆನ್ಸಿಲ್ ತುದಿಯಲ್ಲೂ ರೋಗಿಯ ಚರ್ಮಕ್ಕೆ ಅಂಟಿಸಿದ ಪ್ಲೇಟಿನಲ್ಲೂ ಹರಿಯುವ ವಿದ್ಯುತ್ತು ಒಂದೇ. ತುದಿ ಸೂಕ್ಷ್ಮ, ಅಲ್ಲಿ ಸುಡುತ್ತದೆ. ಪ್ಲೇಟ್ ಅಗಲ, ಅಲ್ಲಿ ಸುಡುವುದಿಲ್ಲ. ಪ್ಲೇಟಿನ ಒಂದು ಮೂಲೆ ಮಾತ್ರ ಅಂಟಿದ್ದರೆ ಆ ಮೂಲೆಯೇ ಇನ್ನೊಂದು ಪೆನ್ಸಿಲ್ ತುದಿಯಾಗುತ್ತದೆ.

ತೊಡೆಯಂತಹ ಮಾಂಸಲ ಜಾಗ, ಶಸ್ತ್ರಚಿಕಿತ್ಸೆಯ ಜಾಗಕ್ಕೆ ಆದಷ್ಟು ಹತ್ತಿರ, ಕೂದಲು ತೆಗೆದ ಒಣ ಚರ್ಮ ಆರಿಸಿಕೊಳ್ಳಿ. ಎಲುಬಿನ ಉಬ್ಬು, ಹಳೆಯ ಗಾಯದ ಕಲೆ, ಒಳಗೆ ಲೋಹದ ಕೀಲಿರುವ ಜಾಗ ಬೇಡ. ರೋಗಿಯನ್ನು ಮಗ್ಗುಲು ಬದಲಿಸಿದ ಮೇಲೆ ಪ್ಲೇಟನ್ನು ಮತ್ತೆ ನೋಡಿ. ಕಿತ್ತುಬಂದದ್ದನ್ನು ಒತ್ತಿ ಅಂಟಿಸಬೇಡಿ, ಹೊಸದು ಹಾಕಿ. ‘ಕಾಟರಿ ಸಾಲದು, ಜಾಸ್ತಿ ಮಾಡಿ’ ಎಂದು ಸರ್ಜನ್ ಹೇಳಿದರೆ ಗುಂಡಿ ತಿರುಗಿಸುವ ಮೊದಲು ಪ್ಲೇಟ್ ಮತ್ತು ವೈರ್ ನೋಡಿ. ಆ ಮಾತೇ ಎಷ್ಟೋ ಸಲ ಪ್ಲೇಟ್ ಬಿಟ್ಟಿರುವುದರ ಮೊದಲ ಸೂಚನೆ. ಸ್ಪಿರಿಟ್ ಇರುವ ದ್ರಾವಣ ಹಚ್ಚಿದ್ದರೆ ಕನಿಷ್ಠ 3 ನಿಮಿಷ ಆರಲು ಬಿಡಿ. ಹೊಕ್ಕುಳಲ್ಲಿ, ಬೆನ್ನಡಿಯಲ್ಲಿ ನಿಂತದ್ದನ್ನು ಒರೆಸಿ ತೆಗೆಯಿರಿ. ಅಲ್ಲಿ ಕಿಡಿ ಸೋಕಿದರೆ ಡ್ರೇಪಿನಡಿ ಬೆಂಕಿ ಹೊತ್ತಿದ್ದು ತಕ್ಷಣ ಕಾಣುವುದೂ ಇಲ್ಲ.

ಪ್ರಶ್ನೆ: ಸರ್ಜನ್ ಕೈ ಲೈಟಿನ ಹಿಡಿಗೆ ತಾಗಿದ್ದನ್ನು ನೋಡಿದೆ. ಬೈಯುತ್ತಾರೆಂದು ಸುಮ್ಮನಿದ್ದೆ. ಹೇಗೆ ಹೇಳಬೇಕಿತ್ತು?

ತಪ್ಪು ಎಂಬ ಪದ ಬಿಟ್ಟು, ಕಂಡದ್ದನ್ನೂ ಮುಂದಿನ ಕೆಲಸವನ್ನೂ ಒಂದೇ ಉಸಿರಿನಲ್ಲಿ ಹೇಳಿ: ‘ಸರ್, ಬಲಗೈ ಲೈಟಿಗೆ ತಾಗಿತು, 7½ ಗ್ಲೌಸ್ ತೆಗೆದಿದ್ದೇನೆ.’ ಹೊಸ ಗ್ಲೌಸ್ ಕೈಯಲ್ಲಿ ಹಿಡಿದೇ ಹೇಳಿದರೆ ಜಗಳಕ್ಕೆ ಸಮಯ ಉಳಿಯುವುದಿಲ್ಲ. ಬೈದರೂ ಗ್ಲೌಸ್ ಬದಲಾದರೆ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ 19 ಅಂಶಗಳ ಸುರಕ್ಷತಾ ಪಟ್ಟಿಯಲ್ಲಿ, ಚರ್ಮ ಕೊಯ್ಯುವ ಮೊದಲು ಎಲ್ಲರೂ ತಮ್ಮ ಹೆಸರು, ಪಾತ್ರ ಹೇಳಿಕೊಳ್ಳಬೇಕೆಂದು ಇದೆ. ಅದನ್ನು ಗುನುಗಿ ಮುಗಿಸಬೇಡಿ, ಕೇಳುವ ಹಾಗೆ ಹೇಳಿ. ಒಮ್ಮೆ ಬಾಯಿ ತೆರೆದವರಿಗೆ ಎರಡನೇ ಸಲ ಮಾತಾಡುವುದು ಸುಲಭ.

ಪ್ರಶ್ನೆ: ಮೊದಲ ದಿನವೇ ತಲೆ ಸುತ್ತಿತು. ಈ ಕೆಲಸ ನನಗಲ್ಲವೇ?

ಒಂದು ದಿನದಿಂದ ತೀರ್ಮಾನಿಸಬೇಡಿ. ಖಾಲಿ ಹೊಟ್ಟೆ, ಬಿಗಿ ಮಾಸ್ಕು, ಸೆಖೆಯ ಗೌನು, ಮಂಡಿ ಬಿಗಿದು ಅಲುಗಾಡದೆ ನಿಂತದ್ದು, ಇಷ್ಟು ಸೇರಿದರೆ ಯಾರಿಗಾದರೂ ಆಗುತ್ತದೆ. ತಿಂದು, ನೀರು ಕುಡಿದು ಹೋಗಿ. ನಿಂತಲ್ಲೇ ಕಾಲ್ಬೆರಳು, ಮೀನಖಂಡ ಆಡಿಸುತ್ತಿರಿ. ಬೆವರು, ಕಿವಿಯಲ್ಲಿ ಗುಂಯ್ ಸದ್ದು ಶುರುವಾದರೆ ಹೇಳಿ, ಮೇಜಿನಿಂದ ಹಿಂದೆ ಸರಿದು, ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಡಿ. ಬಾಗಿಲವರೆಗೆ ನಡೆದು ಹೋಗೋಣ ಎನ್ನುವವರೇ ದಾರಿಯಲ್ಲಿ ಬೀಳುವುದು.